ಶಾಲೆಗಳಿಗೆ ಸ್ಮಾರ್ಟ್ ಕ್ಲಾಸ್ ಮಾರಲು ಮನೆ ಅಡವಿಡಬಹುದೇ?

ಓದುಗರ ಪ್ರಶ್ನೆ: ಮಾನ್ಯರೇ, ದಾವಣಗೆರೆಯಲ್ಲಿ ತಂದೆಯವರ ಕಾಲದಿಂದ ನಡೆದುಬಂದಿರುವ ಅಂಗಡಿ ನಮ್ಮದು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಖಾಸಗಿ ಶಾಲೆಗಳಿಗೆ ನೋಟ್‌ಬುಕ್, ಪ್ರಯೋಗಾಲಯದ ಸಾಮಾನು, ಆಟದ ಸಾಮಗ್ರಿ, ಬೆಂಚುಗಳನ್ನು ಪೂರೈಸುತ್ತೇವೆ. ಈಚೆಗೆ ಬೆಂಗಳೂರಿನ ಕಂಪನಿಯೊಂದು ಎರಡೂ ಜಿಲ್ಲೆಗಳಿಗೆ ಸ್ಮಾರ್ಟ್ ಕ್ಲಾಸ್ ಮತ್ತು ಎಐ ಲ್ಯಾಬ್‌ನ ಡೀಲರ್‌ಶಿಪ್ ಕೊಡಲು ಮುಂದೆ ಬಂದಿದೆ. 10 ಲಕ್ಷ ರೂಪಾಯಿ ಠೇವಣಿ ಇಟ್ಟು, 20 ಲಕ್ಷದ ಸರಕು ಎತ್ತಬೇಕು. ಶಾಲೆಗಳು ಕೊಠಡಿಗೆ ತಿಂಗಳಿಗೆ 4,000 ರೂಪಾಯಿಯಂತೆ ಐದು ವರ್ಷ ಕಂತು ಕಟ್ಟುತ್ತವೆ, ನಮಗೆ ಒಟ್ಟು ಮೊತ್ತದ ಮೇಲೆ ಶೇ 8 ಕಮಿಷನ್. ಶಾಲೆ ಸತತ ಎರಡು ಕಂತು ತಪ್ಪಿಸಿದರೆ ಉಳಿದ ಕಂತುಗಳ ಪೂರ್ಣ ಮೊತ್ತವನ್ನು ನಾವು 30 ದಿನಗಳಲ್ಲಿ ಭರಿಸಬೇಕೆಂದು ಕರಾರಿನ ಕರಡಿನಲ್ಲಿದೆ. ‘ಇನ್ನೆರಡು ವರ್ಷದಲ್ಲಿ ಎಲ್ಲ ಶಾಲೆಗಳಿಗೂ ಇದು ಕಡ್ಡಾಯ, ಯಾರೂ ಕಂತು ತಪ್ಪಿಸುವುದಿಲ್ಲ’ ಎನ್ನುತ್ತಾರೆ. ಮನೆ ಅಡವಿಟ್ಟು ಸಾಲ ಪಡೆಯುವ ಯೋಚನೆ ನನ್ನದು. ಬೈಜೂಸ್ ಗತಿ ನೋಡಿದ ತಂದೆಯವರು ಬೇಡವೇ ಬೇಡ ಎನ್ನುತ್ತಾರೆ. ಈಗಾಗಲೇ ಶಾಲೆಗಳಿಂದ 11 ಲಕ್ಷ ಬಾಕಿ ಬರಬೇಕಿದೆ. ಇದಕ್ಕಿಂತ ಸರ್ಕಾರಿ ಟೆಂಡರ್‌ಗಳ ಕಡೆ ಹೋಗುವುದು ಮೇಲೇ? ದಯವಿಟ್ಟು ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಶಾಲೆಗಳು ಇಂಥ ಉಪಕರಣಗಳನ್ನು ಮುಂದೆಯೂ ಕೊಳ್ಳುತ್ತವೆಯೇ ಎಂಬುದು ಮೊದಲನೆಯದು. ಕೊಂಡ ಮೇಲೆ ಹಣ ಬಾರದಿದ್ದರೆ ಆ ನಷ್ಟ ಯಾರ ತಲೆಗೆ ಬರುತ್ತದೆ ಎಂಬುದು ಎರಡನೆಯದು. ಕೊಳ್ಳುತ್ತವೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಿಮ್ಮ ಮನೆ ಉಳಿಯುವುದು ಎರಡನೆಯ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ, ಮತ್ತು ಆ ಉತ್ತರ ಈ ಕರಡಿನಲ್ಲಿ ಸಂಪೂರ್ಣವಾಗಿ ನಿಮಗೆ ವಿರುದ್ಧವಾಗಿದೆ. ಶಾಲೆಗಳಿಗೆ ಸರಕು ಪೂರೈಸುವವರ ಲೆಕ್ಕಪತ್ರ, ಕರಾರುಗಳನ್ನು ನೋಡುವುದೇ ನನ್ನ ಕಸುಬಾದ್ದರಿಂದ ಮೊದಲೇ ಸ್ಪಷ್ಟವಾಗಿ ಹೇಳುತ್ತೇನೆ: ಈಗಿರುವ ರೂಪದಲ್ಲಿ ಈ ಕರಾರಿಗೆ ಸಹಿ ಹಾಕಬೇಡಿ. ವ್ಯವಹಾರವನ್ನೇ ಕೈಬಿಡಬೇಕೆಂದು ಇದರ ಅರ್ಥವಲ್ಲ.

ಮೊದಲು ‘ಕಡ್ಡಾಯ’ ಎಂಬ ಮಾತನ್ನು ಪರಿಶೀಲಿಸೋಣ. ರಾಜ್ಯ ಪಠ್ಯಕ್ರಮದ ಖಾಸಗಿ ಶಾಲೆಗಳು ಪ್ರತಿ ಕೊಠಡಿಗೂ ಸ್ಮಾರ್ಟ್ ಬೋರ್ಡ್ ಹಾಕಿಸಲೇಬೇಕು ಎಂಬ ನಿಯಮವಿಲ್ಲ, ಮತ್ತು ನಿಮ್ಮ ಎರಡು ಜಿಲ್ಲೆಗಳ ಹೆಚ್ಚಿನ ಶಾಲೆಗಳು ಈ ಪಠ್ಯಕ್ರಮದವೇ. ಕಂಪನಿಯ ಮಾತಿಗೆ ಮೂಲವಾಗಿರಬಹುದಾದ ಎರಡು ಸಂಗತಿಗಳಿವೆ, ಒಂದು ಕೇಂದ್ರ ಸಚಿವಾಲಯದ್ದು, ಇನ್ನೊಂದು ಸಿಬಿಎಸ್‌ಇ ಮಂಡಳಿಯದು. ಆ ಮಂಡಳಿಯು 2024ರಲ್ಲಿ ತನ್ನ ಶಾಲೆಗಳಲ್ಲಿ ಕೌಶಲ ಪ್ರಯೋಗಾಲಯ ಇರಬೇಕೆಂದು ಸೂಚಿಸಿ, ಹಾಲಿ ಶಾಲೆಗಳಿಗೆ ಮೂರು ವರ್ಷಗಳ ಅವಕಾಶ ಕೊಟ್ಟಿತು. ಅನಂತರ 2026-27ನೇ ಸಾಲಿನಿಂದ ಮೂರನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆಯ ಪಾಠಗಳನ್ನು ತರುವ ಯೋಜನೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಪಾಠ ಬಂದ ಮಾತ್ರಕ್ಕೆ ಇಂಥದ್ದೇ ಕಂಪನಿಯ ಲ್ಯಾಬ್ ಕೊಳ್ಳಬೇಕೆಂದಾಗುವುದಿಲ್ಲ. ಕೌಶಲ ಪ್ರಯೋಗಾಲಯದಲ್ಲಿ ಮುಖ್ಯವಾಗಿ ಬೇಕಾಗುವುದು ಕೈಕೆಲಸದ ಉಪಕರಣಗಳೇ ಹೊರತು ಗೋಡೆಯ ಮೇಲಿನ ಪರದೆಯಲ್ಲ. ನಿಮ್ಮ ಬಳಿಗೆ ಬರುವ ಪ್ರತಿನಿಧಿಯನ್ನು ‘ಯಾವ ಸುತ್ತೋಲೆ, ಯಾವ ದಿನಾಂಕ, ಯಾವ ಶಾಲೆಗಳಿಗೆ ಅನ್ವಯ’ ಎಂದು ಕೇಳಿ, ಉತ್ತರವನ್ನು ಇ-ಮೇಲ್‌ನಲ್ಲಿ ಪಡೆಯಿರಿ. ಬರೆದುಕೊಡಲು ಒಪ್ಪದಿದ್ದರೆ ಆ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ.

ತಂದೆಯವರ ಆತಂಕ ಸರಿಯಾದದ್ದೇ, ಆದರೆ ಅವರು ಹಿಡಿದಿರುವ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಬೈಜೂಸ್ ಮುಖ್ಯವಾಗಿ ಆನ್‌ಲೈನ್ ಪಾಠಗಳನ್ನು ಪೋಷಕರಿಗೆ ನೇರವಾಗಿ ಮಾರುತ್ತಿದ್ದ ಕಂಪನಿ. 2022ರಲ್ಲಿ 22 ಶತಕೋಟಿ ಡಾಲರ್ ಮೌಲ್ಯ ಕಟ್ಟಿಸಿಕೊಂಡಿದ್ದ ಅದರ ಮೇಲೆ 2024ರ ಜುಲೈನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ದಿವಾಳಿ ಪ್ರಕ್ರಿಯೆ ಆರಂಭಿಸಿತು. ನೀವು ಓದಿಕೊಳ್ಳಬೇಕಾದ ಕಥೆ ಅದಕ್ಕಿಂತ ಹಳೆಯದು, ಎಜುಕಾಂಪ್‌ನದು. ಶಾಲೆಯಿಂದ ಆರಂಭದಲ್ಲಿ ದೊಡ್ಡ ಮೊತ್ತ ಕೇಳದೆ ತರಗತಿಗೆ ಸ್ಮಾರ್ಟ್ ಕ್ಲಾಸ್ ಅಳವಡಿಸಿ, ಐದು ವರ್ಷ ಕಂತಿನಲ್ಲಿ ವಸೂಲು ಮಾಡುವ ಪದ್ಧತಿಯನ್ನು ದೇಶದಾದ್ಯಂತ ಹರಡಿದ ಕಂಪನಿ ಅದು. ಮುಂದೆ ಬರಬೇಕಾದ ಕಂತುಗಳ ಆಧಾರದ ಮೇಲೆ ಬ್ಯಾಂಕ್‌ಗಳಿಂದ ಸಾಲ ಎತ್ತಲಾಯಿತು. ಶಾಲೆಗಳ ಕಂತುಗಳು ತಡವಾಗತೊಡಗಿದಾಗ ಸಾಲ ಮಾತ್ರ ತನ್ನ ದಿನಕ್ಕೆ ಸರಿಯಾಗಿ ಬಂದು ನಿಂತಿತು. 2017ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಆ ಕಂಪನಿಯ ಜಾಗದಲ್ಲಿ ಈಗ ನಿಮ್ಮನ್ನು ನಿಲ್ಲಿಸಲಾಗುತ್ತಿದೆ ಎಂದರೆ ಈ ಕರಡಿನ ಸಾರಾಂಶ ಹೇಳಿದಂತಾಯಿತು.

ಕಂತು ಏಕೆ ತಪ್ಪುತ್ತದೆ ಎಂಬುದನ್ನು ಆಡಳಿತ ಮಂಡಳಿಯ ಪ್ರಾಮಾಣಿಕತೆಯ ಪ್ರಶ್ನೆಯಾಗಿ ನೋಡಿದರೆ ತಪ್ಪುತ್ತೇವೆ. ಶಾಲೆಯ ಕೈಗೆ ಹಣ ಬರುವ ದಾರಿಯನ್ನು ನೋಡಬೇಕು. ಜಗಳೂರು ತಾಲ್ಲೂಕಿನ ಹೋಬಳಿ ಊರೊಂದರ ಶಾಲೆಯನ್ನು ಊಹಿಸಿಕೊಳ್ಳಿ. 350 ಮಕ್ಕಳು, ಸರಾಸರಿ ಶುಲ್ಕ 18,000 ರೂಪಾಯಿ ಎಂದರೆ ಕಾಗದದ ಮೇಲೆ ವರ್ಷಕ್ಕೆ 63 ಲಕ್ಷ. ಮಾರ್ಚ್ ಮುಗಿಯುವ ಹೊತ್ತಿಗೆ ಶೇ 80ರಷ್ಟು ವಸೂಲಾದರೆ ಕೈಗೆ ಬಂದದ್ದು 50.4 ಲಕ್ಷ. ಶಿಕ್ಷಕರು, ಕಚೇರಿ ಸಿಬ್ಬಂದಿ, ಬಸ್ ಚಾಲಕರು, ಆಯಾಗಳು ಸೇರಿ 24 ಜನರಿಗೆ ಸರಾಸರಿ 13,000 ಸಂಬಳವೆಂದರೂ ವರ್ಷಕ್ಕೆ 37.44 ಲಕ್ಷ ಹೋಗುತ್ತದೆ. ಉಳಿದ ಸುಮಾರು 13 ಲಕ್ಷದಲ್ಲಿ ಡೀಸೆಲ್, ಬಸ್ ವಿಮೆ, ಕಟ್ಟಡದ ಸಾಲ, ವಿದ್ಯುತ್, ದುರಸ್ತಿ ಎಲ್ಲವೂ ಆಗಬೇಕು. ಅಂಥ ಶಾಲೆಯ ಹತ್ತು ಕೊಠಡಿಗೆ ನೀವು ಸ್ಮಾರ್ಟ್ ಕ್ಲಾಸ್ ಹಾಕಿದರೆ ವರ್ಷದ ಕಂತು 4.8 ಲಕ್ಷ, ಅಂದರೆ ಆ 13 ಲಕ್ಷದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಒಂದು ವರ್ಷ ಮಳೆ ಕೈಕೊಟ್ಟು ವಸೂಲಿ ಶೇ 70ಕ್ಕೆ ಇಳಿದರೆ ಸಂಬಳ ಕಳೆದು ಉಳಿಯುವುದು ಏಳು ಲಕ್ಷಕ್ಕಿಂತ ಕಡಿಮೆ. ಆಗ ಕಾರ್ಯದರ್ಶಿಯವರು ಮೊದಲು ಸಂಬಳ ಕೊಡುತ್ತಾರೆ, ಆಮೇಲೆ ಬಸ್ ಓಡಿಸುತ್ತಾರೆ, ನಿಮ್ಮ ಕಂತನ್ನು ಮುಂದಕ್ಕೆ ಹಾಕುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ನೀವೂ ಅದನ್ನೇ ಮಾಡುತ್ತಿದ್ದೆವು.

ಬೆಂಗಳೂರಿನ ಶಾಲೆಯ ಶುಲ್ಕ ಸಂಬಳದಾರರ ಮನೆಯಿಂದ ತಿಂಗಳು ತಿಂಗಳು ಬರಬಹುದು. ನಿಮ್ಮ ತಾಲ್ಲೂಕುಗಳಲ್ಲಿ ಶುಲ್ಕ ಬೆಳೆಯ ಹಿಂದೆ ಬರುತ್ತದೆ. ಜಗಳೂರಿನ ಕಡೆ ಮೆಕ್ಕೆಜೋಳ ಮಾರಿದ ಮೇಲೆ, ಭದ್ರಾ ನಾಲೆಯ ಹರಿಹರ, ದಾವಣಗೆರೆ ಭಾಗದಲ್ಲಿ ಭತ್ತದ ದುಡ್ಡು ಬಂದ ಮೇಲೆ, ಚನ್ನಗಿರಿಯಲ್ಲಿ ಅಡಿಕೆ ಕೇಣಿಯ ಹಣ ಕೈಸೇರಿದ ಮೇಲೆ, ಚಳ್ಳಕೆರೆಯಲ್ಲಿ ಶೇಂಗಾ, ಹಿರಿಯೂರಿನ ಕಡೆ ಈರುಳ್ಳಿ ದರ ನಿಂತ ಮೇಲೆ ಪೋಷಕರು ಶಾಲೆಯ ಕಚೇರಿಗೆ ಬರುತ್ತಾರೆ. ಇಂಥ ಶಾಲೆಯ ಶುಲ್ಕ ವಹಿಯನ್ನು ತೆರೆದರೆ ಜೂನ್‌ನಲ್ಲಿ ಒಂದಿಷ್ಟು ಜಮೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಖಾಲಿ ಸಾಲುಗಳು, ದಸರಾ ರಜೆಯ ನಂತರ ನಿಧಾನವಾಗಿ ಏರಿಕೆ, ಪರೀಕ್ಷೆಗೆ ಮುನ್ನ ದೊಡ್ಡ ಜಮೆ ಕಾಣುತ್ತದೆ. ಅದರ ಮೇಲೆ ಪ್ರತಿ ತಿಂಗಳ 5ನೇ ತಾರೀಖಿನ ಕಂತನ್ನು ಹೇರಿದರೆ ಎರಡು ಕಂತು ಒಟ್ಟಿಗೆ ತಪ್ಪುವುದು ಒಳ್ಳೆಯ ವರ್ಷದಲ್ಲೂ ಸಹಜ. 2023ರ ಬರದಂಥ ವರ್ಷದಲ್ಲಿ ಖಚಿತ.

ಸಣ್ಣ ಶಾಲೆಗಳ ಕೈ ಬಿಗಿಯಾಗಲು ಇನ್ನೊಂದು ಕಾರಣವಿದೆ, ಅದರ ಬಗ್ಗೆ ಮಾರಾಟ ಪ್ರತಿನಿಧಿಗಳು ಮಾತನಾಡುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಶೇ 25 ಸೀಟುಗಳಿಗೆ ಸರ್ಕಾರ ಕೊಡುತ್ತಿದ್ದ ಶುಲ್ಕ ಮರುಪಾವತಿ ತಡವಾದರೂ ಬರುವ ಹಣವಾಗಿತ್ತು. 2019ರಿಂದ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆ ಮಾತ್ರ ಖಾಸಗಿ ಶಾಲೆಗೆ ಈ ಸೀಟು ಎಂದು ರಾಜ್ಯ ನಿಯಮ ಬದಲಾಯಿಸಿತು. ಅದಕ್ಕೆ ಮುನ್ನ ದಾಖಲಾದ ದೊಡ್ಡ ತಂಡಗಳು ಎಂಟನೇ ತರಗತಿ ಮುಗಿಸಿ ಹೊರಬೀಳುತ್ತಿದ್ದಂತೆ ಆ ಆದಾಯ ಬಹುಪಾಲು ಬತ್ತುತ್ತದೆ. ಜೊತೆಗೆ ಮಕ್ಕಳ ಸಂಖ್ಯೆಯೇ ಇಳಿಯುತ್ತಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ, 1.7ಕ್ಕೆ ಬಂದಿತ್ತು. ದೇಶದ ಶಾಲಾ ದಾಖಲಾತಿ 2023-24ರಲ್ಲಿ 24.80 ಕೋಟಿ ಇದ್ದದ್ದು 2024-25ರಲ್ಲಿ 24.69 ಕೋಟಿಯಾಯಿತು. ಇದರಿಂದ ಎರಡು ಪರಿಣಾಮಗಳು ಏಕಕಾಲಕ್ಕೆ ಆಗುತ್ತವೆ. ಮಕ್ಕಳನ್ನು ಸೆಳೆಯಲು ಶಾಲೆಗಳು ಪೈಪೋಟಿಗೆ ಬಿದ್ದು ಸ್ಮಾರ್ಟ್ ಬೋರ್ಡ್ ಕೊಳ್ಳುತ್ತವೆ, ಮತ್ತು ಅದೇ ಪೈಪೋಟಿಯಲ್ಲಿ ಸೋತ ಶಾಲೆಗಳು ಐದು ವರ್ಷದ ಕಂತು ಮುಗಿಯುವ ಮುನ್ನವೇ ಮುಚ್ಚುತ್ತವೆ. ಬೇಡಿಕೆ ಏರುತ್ತಿದೆ ಎಂದು ಮಾರಾಟ ಪ್ರತಿನಿಧಿಗಳು ತೋರಿಸುವ ನಕ್ಷೆ ಸುಳ್ಳಲ್ಲ. ಕೊಳ್ಳುವವರ ದುರ್ಬಲತೆ ಆ ನಕ್ಷೆಯಲ್ಲಿ ಕಾಣುವುದಿಲ್ಲ ಅಷ್ಟೇ.

ಈಗ ಕರಡಿನ ಆ ಒಂದು ಷರತ್ತನ್ನು ಹತ್ತಿರದಿಂದ ನೋಡಿ. ಹತ್ತು ಕೊಠಡಿಯ ಶಾಲೆಯ ಒಟ್ಟು ಕಂತು 60 ತಿಂಗಳಿಗೆ 24 ಲಕ್ಷ, ಅದರ ಮೇಲೆ ನಿಮ್ಮ ಕಮಿಷನ್ 1.92 ಲಕ್ಷ. ಆ ಶಾಲೆ 14 ತಿಂಗಳು ಕಟ್ಟಿ ನಿಲ್ಲಿಸಿದರೆ ಉಳಿದ 46 ಕಂತುಗಳ 18.4 ಲಕ್ಷವನ್ನು ನೀವು 30 ದಿನಗಳಲ್ಲಿ ಕೊಡಬೇಕು. ಒಂದೇ ಶಾಲೆಯ ಈ ಹೊಡೆತವನ್ನು ತುಂಬಿಕೊಳ್ಳಲು ಅಂಥದ್ದೇ ಒಂಬತ್ತಕ್ಕಿಂತ ಹೆಚ್ಚು ಶಾಲೆಗಳ ಐದು ವರ್ಷದ ಪೂರ್ತಿ ಕಮಿಷನ್ ಬೇಕಾಗುತ್ತದೆ. ಕಂತು ತಪ್ಪಿದ ಶಾಲೆಯಿಂದ ಬೋರ್ಡ್‌ಗಳನ್ನು ಬಿಚ್ಚಿ ತಂದರೂ ಹಳೆಯ ಪರದೆಗೆ ಬರುವ ಬೆಲೆ ಅಲ್ಪ. ಮಕ್ಕಳು ಕುಳಿತಿರುವ ತರಗತಿಯಿಂದ ಅದನ್ನು ಬಿಚ್ಚಿದವರೆಂಬ ಹೆಸರು ಬಂದರೆ ನಿಮ್ಮ ನೋಟ್‌ಬುಕ್ ವ್ಯಾಪಾರವೂ ಆ ತಾಲ್ಲೂಕಿನಲ್ಲಿ ಉಳಿಯುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಕಂಪನಿಯೊಂದಿಗೆ ಮಾತುಕತೆ ಮುಂದುವರಿಸುವುದಾದರೆ ಮೂರು ಬದಲಾವಣೆಗಳಿಗೆ ಪಟ್ಟು ಹಿಡಿಯಿರಿ. ಕಂತಿನ ಕರಾರು ಶಾಲೆ ಮತ್ತು ಕಂಪನಿಯ ನಡುವೆ, ಅಥವಾ ಶಾಲೆ ಮತ್ತು ಹಣಕಾಸು ಸಂಸ್ಥೆಯ ನಡುವೆ ಇರಬೇಕು. ನಿಮ್ಮ ಹೆಸರು ಅದರಲ್ಲಿ ಜಾಮೀನುದಾರರ ಸ್ಥಾನದಲ್ಲಿ ಎಲ್ಲಿಯೂ ಬರಬಾರದು. ಪರಿಚಯಿಸಿ ಮಾರಿಸಿಕೊಟ್ಟದ್ದಕ್ಕೆ ಕಮಿಷನ್ ಶೇ 8ರ ಬದಲು ಶೇ 4 ಎಂದರೂ ಒಪ್ಪಿಕೊಳ್ಳಿ, ಅದು ಸುರಕ್ಷಿತ ಹಣ. ಸರಕು ಎತ್ತುವ ಷರತ್ತನ್ನು ತೆಗೆಸಿ, ಶಾಲೆಯ ಆದೇಶ ಮತ್ತು ಮುಂಗಡ ಬಂದ ಮೇಲೆಯೇ ಸರಕು ಬರುವಂತೆ ಮಾಡಿಕೊಳ್ಳಿ. ಈ ಪರದೆಗಳ ಮಾದರಿ ಬೇಗ ಬದಲಾಗುತ್ತದೆ, ಗೋದಾಮಿನಲ್ಲಿ ಒಂದು ವರ್ಷ ಕುಳಿತದ್ದನ್ನು ಹಳೆಯ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಕಂತುಗಳನ್ನು ತಿಂಗಳ ಬದಲು ವರ್ಷಕ್ಕೆ ಎರಡು ಬಾರಿ, ಜೂನ್-ಜುಲೈ ಮತ್ತು ಜನವರಿ-ಫೆಬ್ರವರಿಗೆ ಹೊಂದಿಸಲು ಹೇಳಿ. ಕಂಪನಿ ಈ ಮೂರಕ್ಕೂ ಒಪ್ಪದಿದ್ದರೆ ಶಾಲೆಗಳ ಮರುಪಾವತಿಯ ಬಗ್ಗೆ ಅದಕ್ಕೇ ಭರವಸೆ ಇಲ್ಲವೆಂದು ತಿಳಿಯಬೇಕು.

ನನ್ನ ದೃಷ್ಟಿಯಲ್ಲಿ ನಿಮ್ಮಂಥವರಿಗೆ ನಿಜವಾದ ಅವಕಾಶವಿರುವುದು ಮಾರಾಟಕ್ಕಿಂತ ನಿರ್ವಹಣೆಯಲ್ಲಿ. ಬೋರ್ಡ್ ಹಾಕಿಸಿಕೊಂಡ ಶಾಲೆಗಳಲ್ಲಿ ಒಂದೆರಡು ವರ್ಷದ ನಂತರ ಹೋಗಿ ನೋಡಿ. ಕೆಲವು ಕೊಠಡಿಗಳಲ್ಲಿ ಪರದೆಯ ಮೇಲೆ ಬಟ್ಟೆ ಹೊದಿಸಿರುತ್ತಾರೆ, ‘ಟಚ್ ಕೆಲಸ ಮಾಡುವುದಿಲ್ಲ’ ಎನ್ನುತ್ತಾರೆ. ಪಕ್ಕದಲ್ಲೇ ಇರುವ ಕರಿಹಲಗೆಯ ಸೀಮೆಸುಣ್ಣದ ಪುಡಿ ಪರದೆಯ ಅಂಚಿನ ಚೌಕಟ್ಟಿನಲ್ಲಿ ಸೇರಿ, ಬೆರಳನ್ನು ಗುರುತಿಸುವ ಇನ್‌ಫ್ರಾರೆಡ್ ಕಿರಣಗಳಿಗೆ ಅಡ್ಡವಾಗಿರುತ್ತದೆ. ಒಣ ಬ್ರಷ್‌ನಿಂದ ಅಂಚನ್ನು ಸರಿಯಾಗಿ ಒರೆಸಿದರೆ ಹಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ಆದರೆ ಬೆಂಗಳೂರಿನ ತಂತ್ರಜ್ಞನಿಗೆ ಕರೆ ಮಾಡಿ ವಾರಗಟ್ಟಲೆ ಕಾಯುವ ಶಿಕ್ಷಕಿ ಅಷ್ಟರಲ್ಲಿ ಅದನ್ನು ಬಳಸುವುದನ್ನೇ ಬಿಟ್ಟಿರುತ್ತಾರೆ. ವಿದ್ಯುತ್ ಏರಿಳಿತಕ್ಕೆ ಸುಟ್ಟ ಪವರ್ ಬೋರ್ಡ್, ಸತ್ತ ಯುಪಿಎಸ್ ಬ್ಯಾಟರಿ, ನವೀಕರಿಸದ ಪಾಠಗಳ ಪರವಾನಗಿ ಇವೂ ಇಂಥವೇ. ಇಬ್ಬರು ಹುಡುಗರಿಗೆ ತರಬೇತಿ ಕೊಡಿಸಿ, ಯಾವ ಕಂಪನಿಯ ಬೋರ್ಡ್ ಆದರೂ 48 ಗಂಟೆಯೊಳಗೆ ಬಂದು ನೋಡುತ್ತೇವೆ ಎಂಬ ವಾರ್ಷಿಕ ನಿರ್ವಹಣಾ ಕರಾರನ್ನು ಮಾಡಿಕೊಂಡು, ಅದರ ಹಣವನ್ನು ಜೂನ್‌ನಲ್ಲೇ ಮುಂಗಡವಾಗಿ ಪಡೆಯಿರಿ. ಇದರ ಅಪಾಯವೂ ಇದೆ: ಬಿಡಿಭಾಗಗಳ ವೆಚ್ಚವನ್ನು ಕರಾರಿನೊಳಗೆ ಸೇರಿಸಿಕೊಂಡರೆ ಒಂದು ಪರದೆ ಒಡೆದರೂ ವರ್ಷದ ಲಾಭ ಹೋಗುತ್ತದೆ. ಆದ್ದರಿಂದ ಕೆಲಸದ ಶುಲ್ಕ ಬೇರೆ, ಬಿಡಿಭಾಗದ ಬೆಲೆ ಬೇರೆ ಎಂದು ಬರೆಸಿ. ಶಾಲೆಯ ಸಾಫ್ಟ್‌ವೇರ್ ನೋಡಿಕೊಳ್ಳಲು ಕೇಳಿದರೆ ಮಕ್ಕಳ ಮಾಹಿತಿಯನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ, 18 ವರ್ಷದೊಳಗಿನವರ ವಿಚಾರದಲ್ಲಿ ಅವು ಕಟ್ಟುನಿಟ್ಟಾಗಿವೆ.

ಬೆಲೆ ಹೇಳುವಾಗ ಜಿಎಸ್‌ಟಿಯನ್ನು ಸೇರಿಸಿಯೇ ಹೇಳಿ. ಶಾಲೆಯ ಶಿಕ್ಷಣ ಸೇವೆಗೆ ತೆರಿಗೆ ಇಲ್ಲವಾದ್ದರಿಂದ ನಿಮಗೆ ಕೊಟ್ಟ ತೆರಿಗೆಯನ್ನು ಶಾಲೆ ಎಲ್ಲಿಯೂ ಹೊಂದಿಸಿಕೊಳ್ಳಲಾಗದು, ನಿರ್ವಹಣಾ ಸೇವೆಯ ಮೇಲಿನ ಶೇ 18 ಅವರಿಗೆ ಪೂರ್ತಿ ಖರ್ಚೇ. ನಿಮ್ಮ ಹಳೆಯ ವ್ಯಾಪಾರದಲ್ಲೂ ಬದಲಾವಣೆಯಾಗಿದೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ನಕಾಶೆ, ಗ್ಲೋಬ್‌ಗಳ ಮೇಲಿನ ತೆರಿಗೆ ಶೂನ್ಯವಾಗಿದೆ. ಶಾಲೆಗೆ ಅದು ಲಾಭ. ಆದರೆ ಆ ಸರಕಿನ ಪಾಲಿಗೆ ಬರುವ ಬಾಡಿಗೆ, ಸಾಗಣೆ ಮುಂತಾದ ವೆಚ್ಚಗಳ ಮೇಲೆ ನೀವು ಕಟ್ಟಿದ ತೆರಿಗೆಯನ್ನು ನಿಮ್ಮ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಹೂಡುವಳಿ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಇನ್ನು ಸಿಗುವುದಿಲ್ಲ. ದರಪಟ್ಟಿ ಬದಲಿಸುವಾಗ ಲೆಕ್ಕಪರಿಶೋಧಕರಿಂದ ಇದನ್ನು ಲೆಕ್ಕ ಹಾಕಿಸಿಕೊಳ್ಳಿ.

ಸರ್ಕಾರಿ ಟೆಂಡರ್‌ಗಳ ಬಗ್ಗೆ ಕೇಳಿದ್ದೀರಿ. ಕರ್ನಾಟಕ ಪಬ್ಲಿಕ್ ಶಾಲೆಗಳ ವಿಸ್ತರಣೆ, ಆಯ್ದ ಶಾಲೆಗಳನ್ನು ಮಾದರಿಯಾಗಿ ಬೆಳೆಸುವ ಕೇಂದ್ರದ ಪಿಎಂಶ್ರೀ ಯೋಜನೆ, ಐದು ವರ್ಷಗಳಲ್ಲಿ ಮಕ್ಕಳು ಕೈಯಾರೆ ಪ್ರಯೋಗ ಮಾಡುವ 50,000 ಅಟಲ್ ಟಿಂಕರಿಂಗ್ ಲ್ಯಾಬ್‌ಗಳೆಂಬ 2025ರ ಕೇಂದ್ರ ಬಜೆಟ್ ಘೋಷಣೆ ಇವುಗಳಿಂದ ಸರ್ಕಾರಿ ಶಾಲೆಗಳಿಗೆ ಉಪಕರಣ ಬರುವುದು ಹೆಚ್ಚುತ್ತಿದೆ. ಆದರೆ ದೊಡ್ಡ ಖರೀದಿಗಳು ರಾಜ್ಯಮಟ್ಟದಲ್ಲಿ ನಡೆಯುತ್ತವೆ. ವಹಿವಾಟಿನ ಅರ್ಹತೆ, ಟೆಂಡರ್ ಜೊತೆ ಇಡಬೇಕಾದ ಠೇವಣಿ (ಇಎಂಡಿ), ತಯಾರಕರ ಅಧಿಕಾರ ಪತ್ರ ಇವೆಲ್ಲ ನಿಮ್ಮ ಗಾತ್ರದ ಅಂಗಡಿಯನ್ನು ಹೊರಗಿಡುತ್ತವೆ. ಗೆದ್ದವರ ಕೈಕೆಳಗೆ ಅಳವಡಿಕೆಯ ಉಪಗುತ್ತಿಗೆ ಸಿಗಬಹುದು, ಅದರ ಹಣ ಅವರಿಗೆ ಬಿಲ್ ಪಾಸಾದ ಮೇಲೆ ಮಾತ್ರ ಬರುತ್ತದೆ. ಅದಕ್ಕಿಂತ ಚಿತ್ರದುರ್ಗದ ಕಡೆ ಗಮನ ಕೊಡಿ. 2015ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿಯಂತೆ ರಚನೆಯಾದ, ಗಣಿ ನಡೆಸುವವರು ಕಟ್ಟುವ ಹಣದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣ ಆದ್ಯತೆಯ ಕ್ಷೇತ್ರ, ಮತ್ತು ಕಬ್ಬಿಣದ ಅದಿರಿನ ಗಣಿಗಳಿರುವ ಆ ಜಿಲ್ಲೆಯಲ್ಲಿ ಶಾಲೆಗಳ ಕೆಲಸ ಅದರಿಂದ ನಡೆಯುತ್ತದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದಿಂದ ಆಗುವ ಖರೀದಿಯೂ ಇಂಥದ್ದೇ. ಹಣ ಮಂಜೂರಾದ ಮೇಲೆಯೇ ಆದೇಶ ಬರುವುದರಿಂದ ಬಾಕಿ ಮುಳುಗುವ ಭಯ ಕಡಿಮೆ, ತಡವಾಗುವ ಸಾಧ್ಯತೆ ಹೆಚ್ಚು. ಸಾಲದ ಹಣದಲ್ಲಿ ಇದನ್ನು ಮಾಡಬಾರದು, ಕೈಯಲ್ಲಿ ಉಳಿದ ಬಂಡವಾಳದಲ್ಲಿ ಮಾಡಬಹುದು.

ಕೊನೆಯದಾಗಿ ನಿಮ್ಮ 11 ಲಕ್ಷ ಬಾಕಿ. ಹೊಸ ಸಾಲಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದ್ದರೆ 45 ದಿನದಲ್ಲಿ ಹಣ ಬರಲೇಬೇಕು, ಇಲ್ಲದಿದ್ದರೆ ಬಡ್ಡಿ ಸಹಿತ ವಸೂಲು ಮಾಡಬಹುದು ಎಂದು ಅನೇಕ ಅಂಗಡಿಯವರು ನಂಬಿದ್ದಾರೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಆ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಒದಗಿಸುವವರಿಗೆ ಉಂಟು. 2021ರಿಂದ ವರ್ತಕರಿಗೂ ನೋಂದಣಿಯ ಅವಕಾಶ ಸಿಕ್ಕಿತಾದರೂ ಅದು ಬ್ಯಾಂಕ್‌ಗಳ ಆದ್ಯತಾ ವಲಯದ ಸಾಲದ ಉಪಯೋಗಕ್ಕೆ ಸೀಮಿತ. ಕೊಂಡು ಮಾರಿದ ಬೆಂಚಿನ ಬಾಕಿಗೆ ನೀವು ಆ ದಾರಿ ಹಿಡಿದರೆ ಅರ್ಜಿ ನಿಲ್ಲುವುದು ಕಷ್ಟ. ನಿರ್ವಹಣಾ ಸೇವೆಯ ಶುಲ್ಕಕ್ಕಾದರೆ ಅದು ಉಪಯೋಗಕ್ಕೆ ಬರುತ್ತದೆ, ಕೆಲಸ ಆರಂಭಿಸುವ ಮುನ್ನವೇ ಸೇವಾ ಉದ್ಯಮವೆಂದು ನೋಂದಾಯಿಸಿರುವುದು ಕ್ಷೇಮ.

ಹಳೆಯ ಬಾಕಿಗೆ ಕಾಲಮಿತಿ ಕಾಯ್ದೆಯನ್ನು ಮರೆಯಬೇಡಿ. ಸಾಮಾನ್ಯವಾಗಿ ಮೂರು ವರ್ಷ ಕಳೆದರೆ ದಾವೆಯ ಹಕ್ಕು ಹೋಗುತ್ತದೆ. ಆ ಅವಧಿಯೊಳಗೆ ಶಾಲೆ ಬಾಕಿಯನ್ನು ಲಿಖಿತವಾಗಿ ಒಪ್ಪಿ ಸಹಿ ಮಾಡಿದರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಪ್ರತಿ ಮಾರ್ಚ್ 31ರ ಲೆಕ್ಕಕ್ಕೆ ಬಾಕಿ ದೃಢೀಕರಣ ಪತ್ರವನ್ನು ಕಾರ್ಯದರ್ಶಿಯವರ ಸಹಿ, ಮೊಹರಿನೊಂದಿಗೆ ಪಡೆದುಕೊಳ್ಳಿ. ಜಗಳವಾಡದೆ, ಆಡಿಟ್‌ಗೆ ಬೇಕು ಎಂದು ಕೇಳಿದರೆ ಹೆಚ್ಚಿನವರು ಕೊಡುತ್ತಾರೆ. ಮೂರು ವರ್ಷ ಹತ್ತಿರವಾಗಿರುವ ಬಿಲ್‌ಗಳನ್ನು ಈ ವಾರವೇ ಬೇರೆ ಮಾಡಿ, ಆ ಶಾಲೆಗಳಿಗೆ ಮೊದಲು ಹೋಗಿ. ಎರಡು ವರ್ಷದಿಂದ ಒಂದು ರೂಪಾಯಿಯೂ ಕೊಡದ ಶಾಲೆಗಳ ಹೆಸರುಗಳನ್ನು ಬರೆದು, ಕಂಪನಿಯವರು ನಿಮಗೆ ತೋರಿಸಿರುವ ‘ಸಂಭಾವ್ಯ ಗ್ರಾಹಕರ’ ಪಟ್ಟಿಯ ಜೊತೆ ಇಟ್ಟು ನೋಡಿ. ಎರಡರಲ್ಲೂ ಇರುವ ಹೆಸರುಗಳು ಎಷ್ಟೆಂದು ತಂದೆಯವರೊಂದಿಗೆ ಕುಳಿತು ಎಣಿಸಿದ ಮೇಲೆಯೇ ಬ್ಯಾಂಕಿನ ಅರ್ಜಿಯ ವಿಚಾರಕ್ಕೆ ಬನ್ನಿ.